ಆರು ದಾಪುಗಾಲು

ಕುದುರೆಗಳ ಜಿಗಿತದ ಪಂದ್ಯಗಳಲ್ಲಿ ಅಡ್ಡಗಂಬಗಳ ಅಂತರ ಅಳೆಯುವುದು, ಅಂಗಳದ ಮರಳನ್ನು ಸಮಮಾಡುವುದು ಮೂವತ್ತೊಂದು ವರ್ಷ ನನ್ನ ಕೆಲಸವಾಗಿತ್ತು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಮಗಳು ಸವಾರಿ ಮಾಡುತ್ತಿದ್ದ ಕಂದು ಹೆಣ್ಣುಕುದುರೆಯ ತಂದೆ ಹೆಸರಾಂತ ಗಂಡುಕುದುರೆ. ಇದು ಹುಟ್ಟುವ ಮೊದಲೇ ಅದು ಸತ್ತಿತ್ತು. ಅದರ ಮಕ್ಕಳೆಲ್ಲ ಗಂಡೆದೆಯವು. ಇದೊಂದು ಮಾತ್ರ ಕೊನೆಯ ಅಡ್ಡಗಂಬದ ಮುಂದೆ ಪ್ರತಿ ಸಲವೂ ನಿಂತುಬಿಡುತ್ತಿತ್ತು.

“ಅಪ್ಪನಿಂದ ಬಣ್ಣ ಬಂತು, ಎದೆ ಬರಲಿಲ್ಲ,” ಎಂದು ಲಾಯದ ಮುದುಕ ಮೂದಲಿಸಿದ. “ಇವತ್ತೂ ನಿಂತ್ರೆ ನಾಳೆ ಮಾರಿಬಿಡ್ತಾರಮ್ಮ.”

“ಸುಮ್ನಿರು ತಾತ, ಅದಕ್ಕೆ ಕೇಳಿಸುತ್ತೆ,” ಎಂದಳು ಮಗಳು.

ಅವಳ ಸರದಿಗೆ ಮುನ್ನ ಮರಳನ್ನು ನಾನೇ ಸಮಮಾಡಿದೆ. ಕೊನೆಯ ಎರಡು ಅಡ್ಡಗಂಬಗಳ ನಡುವೆ ಯಾವ ಕುದುರೆಗೂ ಏಳು ದಾಪುಗಾಲು ಬೇಕು. ಅದನ್ನು ಆರರಲ್ಲಿ ಮುಗಿಸಿದ್ದು ಸತ್ತ ಆ ಗಂಡುಕುದುರೆ ಒಂದೇ.

ಅಲ್ಲಿಗೆ ಬಂದಾಗ ಕುದುರೆ ತಡವರಿಸಿತು. ಮರುಕ್ಷಣ ಎಡಗಿವಿಯನ್ನು ಪಕ್ಕಕ್ಕೆ ಹೊರಳಿಸಿತು. ಒಂದೇ ಕುದುರೆಯಿದ್ದ ಅಂಗಳದಲ್ಲಿ ಗೊರಸಿನ ಸದ್ದು ಇಮ್ಮಡಿಯಾಯಿತು. ಬೇಲಿಯ ಬಳಿ ನಿಂತಿದ್ದ ನನ್ನ ಮುಖಕ್ಕೆ ಬಿಸಿಯುಸಿರು ತಗುಲಿತು. ಕುದುರೆ ಅಡ್ಡಗಂಬಕ್ಕಿಂತ ಒಂದು ಗೇಣು ಮೇಲೆ ಹಾರಿತು. ಮೊದಲ ಸ್ಥಾನ! ಜನರೆಲ್ಲ ಎದ್ದು ಕೂಗಿದರು. ಮುದುಕ ಟೋಪಿ ಎಸೆದು ಕುಣಿದ: “ಅಪ್ಪನ ಮಗಳು ಕಣ್ರೋ!”

ನನ್ನ ಮಗಳು ನಗುತ್ತಲೇ ಇಳಿದು ಕೇಳಿದಳು: “ಅಪ್ಪಾ, ನನ್ನ ಎಡಗಡೆ ಯಾರನ್ನ ಬಿಟ್ಟಿದ್ರಿ?”

ಅಳತೆಪಟ್ಟಿ ಹಿಡಿದು ಕೊನೆಯ ಎರಡು ಅಡ್ಡಗಂಬಗಳ ನಡುವೆ ಹೋದೆ. ಮರಳಿನ ಮೇಲೆ ಏಳು ದಾಪುಗಾಲಿನ ಗುರುತಿತ್ತು. ಅದರ ಎಡಕ್ಕೆ, ಇನ್ನೂ ಅಗಲವಾದ ಗೊರಸಿನ ಮತ್ತೊಂದು ಸಾಲು. ಮೂರು ಸಲ ಎಣಿಸಿದೆ. ಆರೇ ಇತ್ತು.