ಮೆಶೀನಿನ ಹಿಂದೆ ಚೆಲ್ಲಿದ ಕುಂಕುಮ

ಪರದೆಯ ಮೇಲೆ ಕಾಣಬೇಕಾದದ್ದು ಬುಲ್ಡೋಜರ್. ಕಂಡದ್ದು ಮಾಮೂಲಿ ಕಾರ್ ರೇಸ್!

"ಯಾರೋ ನನ್ನ ಕ್ಯಾಸೆಟ್ ಬದಲಾಯಿಸಿದ್ದಾರೆ!" ಯಕ್ಷಿತಾ ಕೂಗಿದಳು.

ಮುಂಬಯಿಯ ಮಲಾಡಿನ ಆ ಸಭಾಂಗಣದಲ್ಲಿ, ಹಳೆಯ ವಿಡಿಯೋ ಗೇಮ್‌ಗಳನ್ನು ತಿದ್ದಿ ಮಾಡಿದ ಕಲಾಕೃತಿಗಳ ಪ್ರದರ್ಶನ. ಯಕ್ಷಿತಾಳ ಗೇಮಿನಲ್ಲಿ ಆಡುವವರು ಬುಲ್ಡೋಜರ್ ಓಡಿಸಬೇಕು. ಎದುರಿಗೆ ಅವಳಪ್ಪನ ಹೋಟೆಲಿರುವ ಚಾಳು ಎಂಬ ಹಳೆಯ ವಠಾರ, ಮೆಟ್ಟಿಲ ಮೇಲೆ ಕೂತ ಜನ. ಯಾವ ಬಟನ್ ಒತ್ತಿದರೂ ಅವರು ಏಳುವುದಿಲ್ಲ. ತಮಾಷೆ ಎಂದರೆ, ಆ ಚಾಳು ಕೆಡವಲು ಹೊರಟ ಬಿಲ್ಡರನೇ ಪ್ರದರ್ಶನದ ಪ್ರಾಯೋಜಕ. "ಅದೊಂದನ್ನು ತೆಗೆಯಿರಿ" ಎಂದು ಹೇಳಿ ಕಳಿಸಿದ್ದ. ಅವಳು ಜಪ್ಪಯ್ಯ ಅಂದರೂ ತೆಗೆದಿರಲಿಲ್ಲ.

ಇನ್ನೇನು ಚಾಳಿನವರು ನೋಡಲು ಬರುತ್ತಾರೆ. ಸಂಜೆ ಚಾಳು ಬಿಟ್ಟುಕೊಡುವ ಕಾಗದಕ್ಕೆ ಬಿಲ್ಡರ್ ಅವರೆಲ್ಲರ ಸಹಿ ಕೇಳುತ್ತಾನೆ. ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಹೊಸ ಕ್ಯಾಸೆಟ್ ಮಾಡಲು ಅರ್ಧ ದಿನ ಬೇಕು.

ಜೊತೆಗಿದ್ದ ಸೋದರತ್ತೆ ಶೀಲಾವತಿ ರೈಲ್ವೆಯಲ್ಲಿ ಟಿಸಿಯಾಗಿದ್ದವರು. ಟಿಕೆಟ್ ಇಲ್ಲದವರ ಮುಖ ನೋಡಿ ನೋಡಿ ಪಳಗಿದ ಕಣ್ಣು.

"ಅಳ್ಬೇಡ ಮಾರಾಯ್ತಿ."

"ಅಳ್ತಾ ಇಲ್ಲ ಅತ್ತೆ. ಸಿಟ್ಟು ಬರ್ತಾ ಉಂಟು!"

"ಹಾಗಾದ್ರೆ ಒಳ್ಳೇದು. ಬೆಳಿಗ್ಗೆ ಒಳಗೆ ಯಾರೆಲ್ಲ ಇದ್ರು?"

ಮೂವರು — ಸಭಾಂಗಣದ ಕಾವಲುಗಾರ ಕಾಶಿನಾಥ, ಪಕ್ಕದ ಕೃತಿಯ ಕಲಾವಿದ ಅನಿಕೇತ್, ಬಿಲ್ಡರ್ ಆಫೀಸಿನ ಮನೀಶ್.

ಅತ್ತೆ ಬಗ್ಗಿದರು. ಮೆಶೀನಿನ ಹಿಂದಿನ ಬಿಳಿ ಬಟ್ಟೆಯ ಮೇಲೆ ಕೆಂಪು ಪುಡಿ ಹರಡಿತ್ತು.

"ಇದೆಂತ?"

"ಅಮ್ಮ ಪೂಜೆ ಮಾಡಿ, ಕ್ಯಾಸೆಟ್ ಸಿಕ್ಕಿಸುವಲ್ಲಿ ಚಿಟಿಕೆ ಕುಂಕುಮ ಇಟ್ಟು ಹೋದ್ರು. ಕಳ್ಳನ ಕೈ ತಾಗಿರ್ಬೇಕು."

ಅತ್ತೆ ಪುಡಿ ಹರಡಿದ ದಿಕ್ಕು ನೋಡಿದರು. ಮೂವರನ್ನೂ ಕರೆದರು.

ಕಾಶಿನಾಥ ಹಿಂದಿಯಲ್ಲಿ, ತಾನು ಗೇಟು ಬಿಟ್ಟು ಬಂದಿಲ್ಲ ಎಂದ. ಅನಿಕೇತ್, ತನ್ನ ಕೆಲಸವೇ ಮುಗಿದಿರಲಿಲ್ಲ ಎಂದ.

"ನೀವು?"

ಮನೀಶ್ ಬೆಳಗಾವಿ ಕಡೆಯವನು. "ನನಗೇನ್ ಗೊತ್ತಾಗ್ತದರಿ ಇದು? ಸಣ್ಣಾಂವಿದ್ದಾಗ ನಮ್ಮಪ್ಪ ಗೇಮ್ ಮುಟ್ಟಾಕೂ ಬಿಟ್ಟಿಲ್ಲ."

ಅತ್ತೆ ಕಾರ್ ರೇಸ್ ಕ್ಯಾಸೆಟ್ ಕಿತ್ತರು. "ಒಬ್ಬೊಬ್ಬರೇ ಇದನ್ನು ಹಾಕಿ, ನೋಡುವ."

ಕಾಶಿನಾಥ ತಲೆಕೆಳಗಾಗಿ ತುರುಕಿದ. ಅನಿಕೇತ್ ಜೇಬಿನಿಂದ ಬ್ರಶ್ ತೆಗೆದು ಧೂಳು ಒರೆಸಿ ಹಾಕಿದ. ಮನೀಶ್ ಕ್ಯಾಸೆಟ್ ಹಿಡಿದು ಬಾಯಿಯ ಹತ್ತಿರ ತಂದ — ಫೂ! ಮೆಶೀನಿನ ಬಾಯಿಗೂ ಒಮ್ಮೆ — ಫೂ!

ಅತ್ತೆ ನಕ್ಕರು.

"ಗೇಮ್ ಮುಟ್ಟಿಯೇ ಇಲ್ಲ ಅಂದ್ರಲ್ಲ? ಆಡಿದ್ದೀರಾ ಅಂತ ನಾನು ಕೇಳಿರಲೇ ಇಲ್ಲ! ಯಕ್ಷಿತಾ, ಕೈ ತಾಗಿದ್ರೆ ಕುಂಕುಮ ಅಲ್ಲೇ ಮೆತ್ತಿಕೊಳ್ತಿತ್ತು. ಇದು ಹಿಂದಕ್ಕೆ ಹಾರಿದೆ. ಯಾರೋ ಮುಂದೆ ನಿಂತು ಊದಿದ್ದು. ಧೂಳು ಹೋಗಲಿ ಅಂತ ಕ್ಯಾಸೆಟ್ ಹಾಕುವ ಮೊದಲು ಊದುವುದು ಆ ಕಾಲದ ಮಕ್ಕಳ ಅಭ್ಯಾಸ. ನಮ್ಮನೆ ಹುಡುಗರೂ ಹಾಗೇ ಮಾಡ್ತಿದ್ರು. ಗೇಮ್ ಮುಟ್ಟದವನಿಗೆ ಅದೆಲ್ಲಿಂದ ಬಂತು ಮನೀಶ್?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮನೀಶನ ಕೈ ಹೆಗಲ ಬ್ಯಾಗಿಗೆ ಹೋಯಿತು. ಯಕ್ಷಿತಾ ಬ್ಯಾಗಿನ ಮುಂದೆ ಕೈ ಚಾಚಿದಳು. ಕ್ಯಾಸೆಟ್ ಹೊರಬಂತು.

"ಸಾಹೇಬ್ರು ಹೇಳಿದ್ರು... ಪೊಲೀಸ್ರಿಗೆ ಹೇಳಬ್ಯಾಡ್ರಿ."

"ಹೇಳೋದಿಲ್ಲ. ನೀವೇ ಹಾಕಿ. ಮೊದಲು ನೀವೇ ಆಡಿ," ಎಂದಳು ಯಕ್ಷಿತಾ.

ಅಷ್ಟರಲ್ಲಿ ಚಾಳಿನವರು ಒಳಗೆ ಬಂದರು. ಎಲ್ಲರ ಎದುರು ಮನೀಶ್ ಬಟನ್ ಒತ್ತಿದ. ಬುಲ್ಡೋಜರ್ ಮೆಟ್ಟಿಲವರೆಗೆ ಬಂದು ನಿಂತಿತು. ಮತ್ತೆ ಒತ್ತಿದ. ಯಾರೂ ಏಳಲಿಲ್ಲ.

ಚಾಳಿನ ಎರಡನೇ ಮಾಳಿಗೆಯ ರಾಚವ್ವ ಪರದೆಯ ಹತ್ತಿರ ಬಂದಳು.

"ಅಯ್ಯ, ಅಲ್ಲಿ ಕುಂತಾಕಿ ನಾನ!"

ಕುರ್ಚಿ ಎಳೆದುಕೊಂಡು ಮನೀಶನ ಎದುರೇ ಕೂತಳು.

"ಒತ್ತಪಾ, ಎಷ್ಟ್ ಒತ್ತತಿ ಒತ್ತು. ನಾ ಏಳಂಗಿಲ್ಲ."