ಕುಂಭಾರಿ ದಾರಿಯ ಅರವಟ್ಟಿಗೆ

ಇಂಥ ಕಥೆ ಹೇಳಲು ನಾನು ತಕ್ಕವನಲ್ಲ. ಹಗಲೆಲ್ಲ ದುಡಿದು ಸಂಜೆಯ ಸಾಲೆಯಲ್ಲಿ ನಾಲ್ಕಕ್ಷರ ಕಲಿತವನು. ಪ್ರೇಮದ ವಿಷಯ ಬರೆಯುವ ಧೈರ್ಯ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಕಥೆಯಲ್ಲಿರುವ ಇಬ್ಬರೂ ಮಾನವಂತರು. ಅವರ ಮನಸ್ಸನ್ನು ತಪ್ಪು ಓದಿದ್ದರೆ ಕ್ಷಮಿಸಬೇಕು. ಹೇಳದೆ ಇರಲು ನೋಡಿದೆ, ಆಗಲಿಲ್ಲ.

ಬೋರಾಮಣಿಯ ಸಾತಲಿಂಗಪ್ಪನನ್ನು ಸುತ್ತಲಿನ ಊರುಗಳಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುತ್ತಿರಲಿಲ್ಲ. ಚಿಗರಿ ಸಾತಪ್ಪ ಎಂದರೆ ಎಲ್ಲರಿಗೂ ಗೊತ್ತು. ಚಿಕ್ಕವನಿದ್ದಾಗ ಊರ ಮಾಳದ ಹುಲ್ಲಿನಲ್ಲಿ ಚಿಗರಿಗಳ ಬೆನ್ನು ಹತ್ತಿ ಓಡಿ ಓಟ ಕಲಿತವನು. ಹೊಲಮನೆ ಅಣ್ಣ ಚನ್ನವೀರಪ್ಪ ನೋಡಿಕೊಳ್ಳುತ್ತಿದ್ದ. ಹೆಂಡತಿ ಮದುವೆಯಾದ ಎರಡನೆಯ ವರ್ಷವೇ ಪ್ಲೇಗಿನಲ್ಲಿ ಹೋಗಿದ್ದಳು. ಅಂದಿನಿಂದ ಅವನಿಗೆ ಉಳಿದದ್ದು ದಾರಿಯೊಂದೇ.

ಯುಗಾದಿ ಕಳೆದ ಮೇಲಿನ ಮೊದಲ ಸೋಮವಾರ ಸೊಲ್ಲಾಪುರದ ತಾಲೀಮಿನ ಪೈಲವಾನರು ಒಂದು ಓಟ ಇಡುತ್ತಿದ್ದರು. ಅಕ್ಕಲಕೋಟೆಯಿಂದ ಸೊಲ್ಲಾಪುರದವರೆಗೆ, ಇಪ್ಪತ್ತನಾಲ್ಕು ಮೈಲು. ಗೆದ್ದವನಿಗೆ ಜರಿಯಂಚಿನ ರುಮಾಲು. ಸಾತಲಿಂಗಪ್ಪನ ಸಂದೂಕದಲ್ಲಿ ಅಂಥ ಏಳು ರುಮಾಲುಗಳಿದ್ದವು. ಅವುಗಳಲ್ಲಿ ಒಂದನ್ನೂ ಅವನು ತಲೆಗೆ ಸುತ್ತಿರಲಿಲ್ಲ.

ರತ್ನಾಬಾಯಿಯ ಎದುರಿಗೆ ಅವನು ಮೊದಲ ಸಲ ನಿಂತದ್ದು ಇಪ್ಪತ್ತಮೂರನೆಯ ಇಸವಿಯ ಓಟದಲ್ಲಿ.

ಕುಂಭಾರಿ ದಾಟಿದ ಮೇಲೆ ರಸ್ತೆಯ ಎಡಕ್ಕೊಂದು ದೊಡ್ಡ ಬೇವಿನಮರ. ಅದರ ಕೆಳಗೆ ಜೋಳದ ದಂಟಿನ ಚಪ್ಪರ, ಒದ್ದೆ ಮರಳಿನ ಮೇಲೆ ಆರು ಗಡಿಗೆ. ಸೊಲ್ಲಾಪುರದ ವ್ಯಾಪಾರಿ ಮನೆತನವೊಂದು ದಾರಿಹೋಕರಿಗಾಗಿ ಬೇಸಗೆಯ ಎರಡು ತಿಂಗಳು ಇಡುತ್ತಿದ್ದ ಅರವಟ್ಟಿಗೆ ಅದು. ನಡೆಸುವವಳು ಆ ಮನೆಯ ವಿಧವೆ ಸೊಸೆ ರತ್ನಾಬಾಯಿ. ಮುಂಜಾನೆ ಕಮಾನಿನ ಗಾಡಿಯಲ್ಲಿ ಮುದುಕಿ ರೇವಮ್ಮನೊಡನೆ ಬಂದು, ಹೊತ್ತು ಇಳಿಯುವಾಗ ಗಡಿಗೆಗಳನ್ನು ಬೋರಲು ಹಾಕಿ ಹೋಗುತ್ತಿದ್ದಳು.

ಅಲ್ಲಿ ಒಂದೇ ನಿಯಮ. ಬಂದವರು ಯಾರೇ ಇರಲಿ, ಬೊಗಸೆಗೆ ನೀರು ಹೊಯ್ಯಬೇಕು. ತಂಬಿಗೆ ಯಾರ ಕೈಗೂ ಕೊಡಬಾರದು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಮನಸ್ಸು ನೋಯುತ್ತದೆ ಎಂದು ಅವಳ ಮಾವ ಹೇಳಿಟ್ಟಿದ್ದರು. ತಂಬಿಗೆ ಮನೆಯವರ ಕೈಗೆ ಮಾತ್ರ.

ಬೊಗಸೆಯಲ್ಲಿ ಕುಡಿಯುವವನು ಬಗ್ಗಲೇಬೇಕು. ಬಗ್ಗಿದವನಿಗೆ ಹೊಯ್ಯುವವಳ ಮುಖ ಕಾಣುವುದಿಲ್ಲ. ಕುಡಿದಾದ ಮೇಲೆ ತಲೆಯೆತ್ತಬಹುದಿತ್ತು, ನಿಜ. ಆದರೆ ದೊಡ್ಡ ಮನೆಯ ಹೆಣ್ಣುಮಗಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡವಳು. ಅವನು ಬಾಯಿ ಒರೆಸಿಕೊಳ್ಳುತ್ತಲೇ ದಾರಿಗೆ ತಿರುಗಿಬಿಡುತ್ತಿದ್ದ.

ಹೀಗಾಗಿ ಅವನಿಗೆ ಗೊತ್ತಿದ್ದದ್ದು ಅವಳ ಪಾದ, ಬಳೆಯಿಲ್ಲದ ಮಣಿಕಟ್ಟು, ಅದರ ಮೇಲೆ ಹಸಿರು ಹಚ್ಚೆಯಲ್ಲಿ ಬರೆದ ಒಂದು ಸಣ್ಣ ದೀಪ. ನೀರಿನ ದಾರ ಆ ದೀಪದ ಕೆಳಗಿನಿಂದ ಇಳಿದು ಬರುತ್ತಿತ್ತು. ಬಿಸಿಲು ಎಲೆಗಳ ಸಂದಿಯಿಂದ ಬಿದ್ದು ನೀರು ಹೊಳೆದಾಗ, ದೀಪ ಹತ್ತಿಕೊಂಡಂತೆ ಕಾಣುತ್ತಿತ್ತು.

ಆಮೇಲೆ ಅವನು ಓಟದ ಅಭ್ಯಾಸ ಮಾಡುವ ದಾರಿ ಬದಲಾಯಿತು. ಬೇಸಗೆಯಲ್ಲಿ ವಾರಕ್ಕೆ ಮೂರು ದಿನ ಬೋರಾಮಣಿಯಿಂದ ಅಡ್ಡದಾರಿ ಹಿಡಿದು ಕುಂಭಾರಿಯವರೆಗೆ ಓಡುತ್ತಿದ್ದ. ಬೊಗಸೆಯ ಬೆರಳುಗಳನ್ನು ಕೊಂಚ ಸಡಿಲ ಬಿಡುತ್ತಿದ್ದ. ಅರ್ಧ ನೀರು ಸೋರಿಹೋದರೆ ಕುಡಿಯಲು ಎರಡರಷ್ಟು ಹೊತ್ತು ಬೇಕಲ್ಲ.

ಮೂರನೆಯ ಬೇಸಗೆಯಲ್ಲಿ ಮೇಲಿನಿಂದ ದನಿ ಬಂತು.

"ಬೊಗಸಿಗೆ ತೂತ ಬಿದ್ದಾವೇನ್ರಿ?"

"ಬಿದ್ದಂಗ ಕಾಣ್ತದ್ರಿ."

"ಬೆಸಗಿ ಹಾಕಿಸ್ರಿ ಮತ್ತ."

"ಹಾಕೋರು ಸಿಗವಲ್ರು."

ನೀರಿನ ದಾರ ಒಂದು ಕ್ಷಣ ನಡುಗಿತು. ನಕ್ಕಳೆಂದು ಅವನು ತಿಳಿದದ್ದು ಅದರಿಂದ. ಅಂದು ಬೋರಾಮಣಿಗೆ ಹೇಗೆ ತಿರುಗಿ ಬಂದನೋ ಅವನಿಗೇ ನೆನಪಿಲ್ಲ.

ಒಂದು ಬೇಸಗೆಗೆ ಮೂರು ಮಾತು, ನಾಲ್ಕು ಮಾತು. ಹನ್ನೊಂದು ವರ್ಷ ಹೀಗೆ ಹೋದವು.

ಎಡ ಮೊಣಕಾಲು ಮೊದಲು ಮುನಿಯಿತು. ಮುಂಜಾನೆ ಎದ್ದಾಗ ಬೆಲ್ಲದ ಅಚ್ಚಿನಷ್ಟು ಊದಿಕೊಂಡಿರುತ್ತಿತ್ತು. ಅತ್ತಿಗೆ ಗುರುಬಾಯಿ ಹೊಟ್ಟನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳು. ಆಮೇಲೆ ಹಿಮ್ಮಡಿಯ ನರ ಹಿಡಿಯಿತು. ಹೋದ ವರ್ಷದ ಓಟದಲ್ಲಿ ವಳಸಂಗದ ಹತ್ತಿರ ಮುಗ್ಗರಿಸಿ ಬಿದ್ದು ನಾಲ್ಕನೆಯವನಾದ. ಈ ಚಳಿಗಾಲದಲ್ಲಿ ಉಸಿರೂ ಕೈಕೊಟ್ಟಿತು. ಬಾವಿಯ ಮೆಟ್ಟಿಲು ಹತ್ತಿದರೂ ಎದೆಯೊಳಗೆ ಯಾರೋ ಹೆಜ್ಜೆ ತಪ್ಪಿದಂತೆ ಆಗುತ್ತಿತ್ತು.

ಸೊಲ್ಲಾಪುರದ ಡಾಕ್ಟರರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಆತಾ ಧಾವಾಯ್ಚ ನಾಹಿ," ಎಂದರು. ಇವನಿಗೆ ಮರಾಠಿ ಬರುತ್ತಿತ್ತು. ಆದರೂ ಅವರು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು: "ನಡೀರಿ, ಆದ್ರ ಓಡಬ್ಯಾಡ್ರಿ. ಓಡಿದ್ರ ಈ ಎದಿ ದಾರ್‍ಯಾಗ ನಿಂತು ಬಿಡ್ತದ."

ಗಾಡಿಯಲ್ಲಿ ಮನೆಗೆ ಬರುವಾಗ ಸಾತಲಿಂಗಪ್ಪ ಯೋಚಿಸಿದ್ದು ಎದೆಯ ಬಗ್ಗೆ ಅಲ್ಲ. ಓಡದವನು ಕುಂಭಾರಿಯ ಬೇವಿನಮರದ ಕೆಳಗೆ ಯಾವ ನೆವದಿಂದ ನಿಲ್ಲಬೇಕು?

ಸುದ್ದಿ ಕೇಳಿ ಗುರುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಒಂದು ಮಾತು ಕೇಳ್ತೀನಿ ಸಾತಪ್ಪ, ಸಿಟ್ಟಾಗಬ್ಯಾಡ. ಬೋರಾಮಣ್ಯಾಗ ಬಾವಿ ಬತ್ತ್ಯಾವೇನು? ನೀರ ಕುಡ್ಯಾಕ ಕುಂಭಾರಿಗೆ ಹೋಗ್ತಿಯಲ್ಲ."

"ಅಲ್ಲಿ ನೀರ ತಂಪ ಇರ್ತಾವ ವೈನಿ."

"ನೀರ ತಂಪೋ, ಹೊಯ್ಯಾಕಿ ಕೈ ತಂಪೋ?"

ಅವನು ಒಲೆಯ ಕಡೆ ನೋಡಿದ. ಗುರುಬಾಯಿ ದನಿ ತಗ್ಗಿಸಿದಳು. "ನಮ್ಮ ಜನದಾಗ ಉಡಿಕಿ ಇಲ್ಲೇನು? ಗಂಡ ಸತ್ತಾಕಿ ಮತ್ತ ಮದುವಿ ಆಗಬಾರದಂತ ಯಾರ ಅಂದಾರ? ದೊಡ್ಡ ಮನ್ಯಾವರು ಸ್ವಲ್ಪ ಮೂಗು ಮುರೀತಾರ, ಅಷ್ಟ. ನಿಮ್ಮಣ್ಣಗ ನಾ ಹೇಳ್ತೀನಿ. ಗಾಡಿ ಹೂಡಿಸ್ತೀನಿ, ಹೋಗಿ ಕೇಳು."

"ಓಡಿ ಬಂದಾಂವ ನಿಂತ್ರ ತೃಷಾ ಆಗೇದ ಅಂತಾರ. ಗಾಡ್ಯಾಗ ಬಂದಾಂವ ನಿಂತ್ರ ಏನಂತಾರ ವೈನಿ? ಆಕಿ ಒಲ್ಲೆ ಅಂದ್ರ, ನಾ ಬಂದು ಹೋದದ್ದು ಆಕಿ ಹೆಸರಿಗೆ ಹತ್ತತದ."

"ಹಂಗಾರ?"

"ಇದೊಂದು ಓಟ ಓಡ್ತೀನಿ. ಬೊಗಸಿ ಹಿಡದಾಗ ಕೇಳ್ತೀನಿ. ಒಲ್ಲೆ ಅಂದ್ರ ಓಡಿ ಹೋಗ್ತೀನಿ, ಯಾರಿಗೂ ಗೊತ್ತಾಗೂದಿಲ್ಲ."

"ಎದಿ ನಿಂತ್ರ?"

"ಕೇಳಿದ ಮ್ಯಾಲ ನಿಲ್ಲಲಿ."

ಗುರುಬಾಯಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಡಿತ ಹಿಂದಿಗಿಂತ ಜೋರಾಗಿತ್ತು.

ಮೂವತ್ತನಾಲ್ಕನೆಯ ಇಸವಿಯ ಆ ಸೋಮವಾರ, ನಸುಕಿನಲ್ಲಿ, ಅಕ್ಕಲಕೋಟೆಯ ಕೆರೆಯ ದಂಡೆಯಲ್ಲಿ ಹತ್ತೊಂಬತ್ತು ಜನ ನಿಂತಿದ್ದರು. ಸಾತಲಿಂಗಪ್ಪನ ಎದೆಯುದ್ದದ ತರುಣರೂ ಇದ್ದರು. ಅವರಲ್ಲೊಬ್ಬ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಹಲಗೆ ಬಾರಿಸಿದರು.

ಮೊದಲ ಆರು ಮೈಲು ಅವನು ಕನಸಿನಲ್ಲಿ ಓಡಿದ. ಗಾಳಿಯಲ್ಲಿ ಹುಲ್ಲಿನ ವಾಸನೆ ಇತ್ತು, ಕಾಲಿಗೆ ಭಾರವಿರಲಿಲ್ಲ, ಮಾಳದ ಚಿಗರಿಗಳು ಪಕ್ಕದಲ್ಲೇ ಓಡುತ್ತಿವೆ ಎನಿಸಿತು. ಬಿಸಿಲು ಏರಿದಂತೆ ಚಿಗರಿಗಳು ಒಂದೊಂದಾಗಿ ಮುಂದೆ ಹೋದವು. ವಳಸಂಗ ದಾಟಿ, ಹಿಂದೆ ಅದು ಇನ್ನೂ ಕಾಣುತ್ತಿರುವಾಗಲೇ ಮೊಣಕಾಲಿನಲ್ಲಿ ಏನೋ ಕಡಿದಂತಾಯಿತು. ಅವನು ರಸ್ತೆಯ ಬದಿಗೆ ಕುಳಿತ.

ಬಿದ್ದವರನ್ನು ಎತ್ತಿಕೊಂಡು ಬರುವ ಗಾಡಿ ಹಿಂದಿನಿಂದ ಬಂತು. ಹೊಡೆಯುವವನು ಭೀಮಶಾ, ಹಳೆಯ ಪೈಲವಾನ.

"ಏರಪಾ ಚಿಗರಿ. ಜಾಗಾ ಅದ. ಈಗಾಗಲೇ ನಾಲ್ಕು ಮಂದಿ ಬಿದ್ದಾರ, ನೀ ಐದನೆಯಾಂವ."

"ನೀ ನಡಿ ಭೀಮಶಾ."

"ಕುಂಟಕೋತ ಸೊಲ್ಲಾಪುರ ಮುಟ್ಟತಿ? ರುಮಾಲು ಕಟ್ಟಿ ಎಲ್ಲಾರೂ ಮನಿಗೆ ಹೋಗಿರ್ತಾರೋ."

"ಸೊಲ್ಲಾಪುರಕ್ಕ ಯಾರ ಹೊಂಟಾರ?"

ಭೀಮಶಾ ಕೆಳಗಿಳಿದ. ಗಾಡಿಯ ಗೂಟವೊಂದನ್ನು ಕಿತ್ತು ಊರುಗೋಲಾಗಿ ಕೊಟ್ಟು, ಎತ್ತುಗಳನ್ನು ಮುಂದೆ ಹೊಡೆದ.

ಬಿಸಿಲು ಬೆನ್ನಿನಿಂದ ನೆತ್ತಿಗೆ ಬಂತು, ನೆತ್ತಿಯಿಂದ ಇಳಿದು ಮುಖಕ್ಕೆ ಬಂತು. ದಾರಿಯ ಮೇಲೆ ಬಿಸಿಲ ಕುದುರೆಗಳು ನೀರಾಗಿ ಹರಿಯುತ್ತಿದ್ದವು. ಆ ನೀರಿನಾಚೆ ಬೇವಿನಮರ ತೇಲುತ್ತಿದ್ದಂತೆ ಕಂಡಾಗ, ಅದೂ ಬಿಸಿಲ ಆಟವೇ ಎಂದುಕೊಂಡ. ಅಲ್ಲ, ಮರವೇ.

ಚಪ್ಪರದಲ್ಲಿ ಐದು ಗಡಿಗೆಗಳು ಬೋರಲಾಗಿದ್ದವು. ಒಂದು ಮಾತ್ರ ನೆಟ್ಟಗಿತ್ತು.

ರೇವಮ್ಮ ಗೊಣಗುತ್ತಿದ್ದಳು. "ಬಂದ್ಯಾ, ಚಲೋ ಆತು. ಹದಿನಾಲ್ಕು ಮಂದಿ ದಾಟಿ ಹೋದ್ರು, ಗಾಡ್ಯಾಗ ನಾಲ್ಕು ಮಂದಿ ಹೋದ್ರು. ಕಡೀ ಗಡಗಿ ಬೋರಲ ಹಾಕಂದ್ರ ಹಾಕವಲ್ಲಳು. ಇನ್ನೊಬ್ಬಾಂವ ಉಳದಾನ ಅಂತಾಳ. ಎಣಿಸ್ಯಾಳ ನೋಡು, ಕುರಿ ಎಣಿಸಿದಂಗ."

"ರೇವಮ್ಮಾ," ಎಂದಳು ರತ್ನಾಬಾಯಿ.

"ನಾ ಸುಮ್ಮನ ಅದೀನಿ. ನನಗ ಕಣ್ಣೂ ಕಾಣೂದಿಲ್ಲ." ಮುದುಕಿ ಆ ಕಡೆ ತಿರುಗಿ ಕುಳಿತಳು. ಕಿವಿ ಮಾತ್ರ ಈ ಕಡೆಗೇ ಇತ್ತು.

ರತ್ನಾಬಾಯಿ ತಂಬಿಗೆಯಲ್ಲಿ ನೀರು ಮೊಗೆದಳು. ಸಾತಲಿಂಗಪ್ಪ ಊರುಗೋಲನ್ನು ಬಗಲಿಗೆ ಒತ್ತಿ ಬೊಗಸೆ ಹಿಡಿದ. ಬಗ್ಗಲು ನೋಡಿದ, ಮೊಣಕಾಲು ಒಪ್ಪಲಿಲ್ಲ. ಇನ್ನೊಮ್ಮೆ ನೋಡಿದ, ಕಣ್ಣಿಗೆ ಕತ್ತಲೆ ಬಂತು.

"ಬಗ್ಗಾಕ ಬರವಲ್ದ್ರಿ," ಎಂದ.

ಬಗ್ಗದವನು ನೆಟ್ಟಗೆ ನಿಲ್ಲಬೇಕಾಯಿತು. ನೆಟ್ಟಗೆ ನಿಂತವನಿಗೆ ಅವಳ ಮುಖ ಕಾಣಿಸಿತು.

ಅವನು ಹನ್ನೊಂದು ವರ್ಷ ಮನಸ್ಸಿನಲ್ಲಿ ಬರೆದುಕೊಂಡ ಮುಖ ಅದಾಗಿರಲಿಲ್ಲ. ಕಪ್ಪಿಗೆ ಹತ್ತಿರದ ಬಣ್ಣ, ಅಗಲ ಹಣೆ, ಬಿಸಿಲಿಗೆ ಕಿರಿದಾಗಿ ಕಿರಿದಾಗಿ ಅಂಚಿನಲ್ಲಿ ಗೆರೆ ಬಿದ್ದ ಕಣ್ಣುಗಳು. ಬರೆದುಕೊಂಡದ್ದೆಲ್ಲ ಒಂದೇ ಗಳಿಗೆಯಲ್ಲಿ ಅಳಿಸಿಹೋಯಿತು. ಇದೇ ಮೊದಲಿನಿಂದ ಇತ್ತು ಎನಿಸಿತು.

ಅವಳೂ ನೋಡುತ್ತಿದ್ದಳು.

"ನಿಮ್ಮ ಮಾರಿ ಹಿಂಗದ ಅಂತ ಗೊತ್ತಿದ್ದಿಲ್ಲ," ಎಂದಳು. "ಓಡಿ ಬರೂ ಮುಂದ ಬರೇ ಧೂಳು, ಕುಡಿಯೂ ಮುಂದ ಬರೇ ನೆತ್ತಿ. ನೆತ್ತಿ ಚಲೋ ಬಲ್ಲೆ ನಾ. ಎಡಕ್ಕ ಸುಳಿ ಅದ. ಆ ಸುಳಿಯಾಗ ಮೊದಲ ಬಿಳಿಕೂದಲ ಬಂದದ್ದು ನಿಮಗಿಂತ ಮೊದಲ ನಾ ನೋಡೀನಿ."

"ಯಾವ ವರ್ಷ?"

"ಬೆಸಗಿ ಹಾಕೋರು ಸಿಗವಲ್ರು ಅಂದ ಮರುವರ್ಷ."

ಅವನು ನಗಲು ಹೋದ. ಎದೆಯಲ್ಲಿ ಆ ಹೆಜ್ಜೆ ಮತ್ತೆ ತಪ್ಪಿತು.

"ರತ್ನಾಬಾಯಾರ, ಒಂದು ಮಾತು ಕೇಳ್ಬೇಕಂತ ಬಂದೀನಿ. ಕೇಳೂಕಿಂತ ಮೊದಲ ಇನ್ನೊಂದು ಹೇಳ್ಬೇಕು. ಇದು ನನ್ನ ಕಡೀ ಓಟ. ಎದಿ ಕೆಟ್ಟದ. ಎಷ್ಟು ದಿನ ನಡೀತದೋ ಡಾಕ್ಟರಿಗೂ ಗೊತ್ತಿಲ್ಲ. ಹಿಂಗಾದಾಂವ ಕೇಳಬಾರದು, ಆದ್ರೂ..."

"ಮೊದಲ ನೀರ ಕುಡೀರಿ."

"ಬಗ್ಗಾಕ ಬರೂದಿಲ್ಲಂದೆನಲ್ರಿ."

ಅವಳು ತಂಬಿಗೆಯನ್ನು ನೋಡಿದಳು. ರಸ್ತೆ ನೋಡಿದಳು, ದೂರದಲ್ಲಿ ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಬರುತ್ತಿದ್ದರು. ಸೆರಗು ಹಣೆಯಿಂದ ಜಾರಿತ್ತು, ಅವಳು ಮುಂದೆಳೆದುಕೊಳ್ಳಲಿಲ್ಲ.

"ಇಲ್ಲಿ ದಾರಿಹೋಕರ ಕೈಯಾಗ ತಂಬಿಗಿ ಕೊಡೂದಿಲ್ರಿ," ಎಂದಳು ಮೆಲ್ಲಗೆ. "ಮಾವನವರು ಹಾಕಿದ ನೇಮ. ಇಪ್ಪತ್ತು ವರ್ಷ ಆತು, ಒಮ್ಮಿನೂ ಮುರದಿಲ್ಲ."

"ಗೊತ್ತದ್ರಿ."

"ನಿಮ್ಮ ಎದಿ ಮಾತು ಕೇಳಿದೆ. ಓಡೂ ಎದಿ ತಗೊಂಡು ನಾ ಏನು ಮಾಡ್ಲಿ? ಒಂದು ತಂಬಿಗಿ ನೀರ ಮುಗಿಯೂತನಕ ಸುದ್ದಾ ನಿಂತಿಲ್ಲ ಅದು, ಹನ್ನೊಂದು ವರ್ಷ. ಕುಂದ್ರೂ ಎದಿ ಹೆಂಗಿರ್ತದ ನೋಡೂಣು."

ಎರಡೂ ಕೈಯಿಂದ ತಂಬಿಗೆಯನ್ನು ಅವನ ಮುಂದೆ ಹಿಡಿದಳು. ಹಸಿರು ದೀಪ ಈಗ ಅವನ ಕಣ್ಣಿನ ಎತ್ತರಕ್ಕಿತ್ತು.

"ನೇಮ?" ಎಂದ ಅವನು.

"ನೇಮ ಮುರದಿಲ್ಲಲ್ಲ," ಎಂದಳು ಅವಳು.

ಹುಲ್ಲಿನ ಹೊರೆಯ ಹೆಂಗಸರು ಚಪ್ಪರದ ಮುಂದೆ ಬಂದು ನಿಂತೇ ಬಿಟ್ಟರು. ಅವರ ಎದುರಿಗೇ ಅವನು ತಂಬಿಗೆ ತೆಗೆದುಕೊಂಡ. ತಲೆ ಎತ್ತಿ, ಕಣ್ಣು ತೆರೆದು, ಒಂದು ಹನಿಯೂ ಸೋರದಂತೆ ಕುಡಿದ.

"ತೂತ ಮುಚ್ಚಿದುವಾ?" ಎಂದು ಆ ಕಡೆ ತಿರುಗಿಕೊಂಡೇ ಕೇಳಿದಳು ರೇವಮ್ಮ.

ಮರುವರ್ಷದ ಓಟದಲ್ಲಿ ಓಡಿದವರು ಬೇವಿನಮರದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದ ಒಬ್ಬ ಗಂಡಸನ್ನು ಕಂಡರಂತೆ. ಓಡಿ ಬಂದವರ ಊದಿದ ಮೊಣಕಾಲುಗಳಿಗೆ ಅವನು ಜರಿಯಂಚಿನ ಬಟ್ಟೆ ಹರಿದು ಪಟ್ಟಿ ಕಟ್ಟುತ್ತಿದ್ದನಂತೆ. ಏಳು ರುಮಾಲುಗಳು ಎಷ್ಟು ಬೇಸಗೆ ಬಂದವೋ ತಿಳಿಯದು.

ನನಗೆ ತಿಳಿಯದ್ದು ಇನ್ನೂ ಇದೆ. ಉಡಿಕಿ ಎಲ್ಲಿ ಆಯಿತು, ಆಯಿತೋ ಇಲ್ಲವೋ, ಸೊಲ್ಲಾಪುರದ ಮನೆಯವರು ಏನೆಂದರು, ಆ ಎದೆ ಎಷ್ಟು ವರ್ಷ ನಡೆಯಿತು, ಯಾವುದೂ ನನಗೆ ಗೊತ್ತಿಲ್ಲ. ಅವನು ಕೇಳಬೇಕೆಂದು ಬಂದ ಮಾತನ್ನು ಬಾಯಿಬಿಟ್ಟು ಕೇಳಿದನೋ ಇಲ್ಲವೋ, ಅದೂ ಗೊತ್ತಿಲ್ಲ.