ಸಣ್ಣತಾಯಮ್ಮನಿಗೆ ಹೂಂಗುಟ್ಟಿದವರು

ಹಳ್ಳಿಯ ಹಿರಿಯರ ಬದುಕನ್ನು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಅವರು ಮಾತಾಡುವಾಗ ನಾನು ಹೂಂಗುಟ್ಟುವುದಿಲ್ಲ, ಸುಮ್ಮನೆ ತಲೆಯಾಡಿಸುತ್ತೇನೆ. ರೆಕಾರ್ಡಿನಲ್ಲಿ ನನ್ನ ದನಿ ಸೇರಬಾರದು. ಈ ವಿಷಯದಲ್ಲಿ ನಾನು ತಪ್ಪುವವಳಲ್ಲ.

ಕಟ್ಟೆಮಳಲವಾಡಿಯ ಸಣ್ಣತಾಯಮ್ಮನವರನ್ನು ಮಾತಾಡಿಸಿದ್ದು ಮಟಮಟ ಮಧ್ಯಾಹ್ನ. ಬೀದಿಯ ಸದ್ದು ಬೀಳದಿರಲೆಂದು ಬಾಗಿಲು ಹಾಕಿದ್ದೆವು, ಒಳಗೆ ನಾವಿಬ್ಬರೇ. ಹೊರಗೆ ಏಪ್ರಿಲ್ ಬಿಸಿಲು. ನಮ್ಮಿಬ್ಬರ ನಡುವಿನ ನೆಲ ಮಾತ್ರ ಆಗಷ್ಟೇ ಒರೆಸಿದ ಹಾಗೆ ಒದ್ದೆಯಾಗಿ, ತಣ್ಣಗಿತ್ತು. ಅವರಿಗೆ ಕಣ್ಣು ಮಂಜು. ಮಾತು ಮುಗಿದಾಗ ನಕ್ಕು, "ಚಂದಾಗಿ ಹೂಂಗುಟ್ತೀಯ ಕಣವ್ವ. ತೀರೋದ ನಮ್ಮಕ್ಕನೂ ಇಂಗೇ ಹೂಂ ಅಂತಿದ್ಲು" ಅಂದರು. ನನಗೆ ಯಾವ ಹೂಂ ಕೇಳಿಸಿರಲಿಲ್ಲ; ರೆಕಾರ್ಡರ್ ಆರಿಸಿ ಎದ್ದೆ.

ಮನೆಗೆ ಬಂದು ರೆಕಾರ್ಡ್ ಕೇಳಿದೆ. ಅವರ ಮಾತು ಮಾತಿಗೂ ಒಂದು "ಹೂಂ" ಇದೆ. ಹೆಣ್ಣುದನಿ, ಮೈಕಿಗೆ ತೀರಾ ಹತ್ತಿರ. ನನ್ನದಲ್ಲ. ಹುಟ್ಟಿದ ಊರಿಗೆ ಹೂಂ, ಹೊಗೆಸೊಪ್ಪಿನ ಕೆಲಸಕ್ಕೆ ಹೂಂ, ಅಕ್ಕ ಸತ್ತ ಮೇಲೆ ಭಾವನನ್ನೇ ಮದುವೆಯಾಗಿದ್ದಕ್ಕೂ ಹೂಂ.

ಒಂದೇ ಒಂದು ಮಾತಿಗೆ ಇಲ್ಲ. "ನಮ್ಮಕ್ಕ ನೀರು ಸೇದೋವಾಗ ಕಾಲು ಜಾರಿ ಬಾವಿಗೆ ಬಿದ್ಲು" ಎನ್ನುತ್ತಾರೆ ಸಣ್ಣತಾಯಮ್ಮ. ಹೂಂ ಬರುವುದಿಲ್ಲ. ಸ್ವಲ್ಪ ಹೊತ್ತು ಕಾದು, ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಾರೆ. ಆಗಲೂ ಇಲ್ಲ.